ಮಾರಿದ ಮಾಲು, ಮುಟ್ಟಿದ ಮಾಲು

"ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ."

ನಮ್ಮ ಪೇಟೆಗಳಲ್ಲಿ ದೇವರ ಪಟದ ಪಕ್ಕದಲ್ಲೇ ತೂಗುಹಾಕಿರುವ ಸಾಲು ಇದು. ಬಟ್ಟೆ ಅಂಗಡಿಯಲ್ಲಿದೆ, ಪಾತ್ರೆ ಅಂಗಡಿಯಲ್ಲಿದೆ, ಚಪ್ಪಲಿ ಅಂಗಡಿಯಲ್ಲಿದೆ, ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ. ಇದನ್ನು ಬರೆದವರು ಯಾರು, ಯಾವ ಶಾಸನಸಭೆ ಇದನ್ನು ಪಾಸು ಮಾಡಿತು ಅಂತ ಯಾರೂ ಕೇಳುವುದಿಲ್ಲ. ಬೋರ್ಡಿನ ಮೇಲಿದೆ, ಆದ್ದರಿಂದ ಕಾನೂನು ಅಂತ ನಂಬಿಕೊಂಡಿದ್ದೇವೆ. ಶಾಸ್ತ್ರದಲ್ಲಿದೆ, ಆದ್ದರಿಂದ ಧರ್ಮ ಅಂತ ನಮ್ಮ ಹಿರೀಕರು ನಂಬಿಕೊಂಡಿದ್ದರಲ್ಲ, ಹಾಗೆ.

ಒಂದು ಕೈಗಡಿಯಾರದ ದೆಸೆಯಿಂದ ನಾನು ಈ ಸಾಲಿನ ಬೆನ್ನು ಹತ್ತಬೇಕಾಯಿತು. 1,850 ರೂಪಾಯಿಯ ಗಡಿಯಾರ. ದೇಶದಲ್ಲಿ ಇಷ್ಟೆಲ್ಲ ಕೊಲೆ ಸುಲಿಗೆ ನಡೀತಿರುವಾಗ ಒಂದು ವಾಚಿನ ಮೇಲೆ ಬರೀತೀಯೇನಯ್ಯ ಅಂತ ಗೆಳೆಯರು ಕೇಳಬಹುದು. ಬರೀಬೇಕು ಅನ್ನಿಸಿದೆ. ನಮ್ಮ ಜನ ದೊಡ್ಡ ಅನ್ಯಾಯಕ್ಕೆ ಬೀದಿಗೆ ಇಳಿಯುವುದನ್ನು ಕಲಿತಿದ್ದಾರೆ. ಸಣ್ಣ ಅನ್ಯಾಯ ಆದಾಗ ಮಾತ್ರ ಇನ್ನೂ ತಲೆ ತಗ್ಗಿಸಿಕೊಂಡು ಮನೆಗೆ ಬರುತ್ತಾರೆ.

ವಾಚು ಅಕ್ಕನಿಗೆ ತೆಗೆದದ್ದು. ಅಕ್ಕ ತುಮಕೂರಿನ ಹತ್ತಿರ ಒಂದು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಾಳೆ. ನಾನು ಡಿಗ್ರಿ ಓದಿದ ಮೂರು ವರ್ಷ ಹಾಸ್ಟೆಲಿನ ಅನ್ನ ಸರ್ಕಾರದ್ದು, ಮಿಕ್ಕದ್ದೆಲ್ಲ ಅವಳ ಹೊಲಿಗೆಯದ್ದು. ನನಗೆ ಮೊದಲ ಸಂಬಳ ಬಂದಾಗ ಏನು ಬೇಕಕ್ಕ ಅಂದೆ. ವಾಚು ಅಂದಳು. ಮೊಬೈಲಿನಲ್ಲೇ ಟೈಮು ಬರುತ್ತಲ್ಲ ಅಂದರೆ ನಕ್ಕಳು.

"ಮೊಬೈಲ ಗೇಟಲ್ಲೇ ಇಸ್ಕೊಂಡು ಬೀಗ ಹಾಕ್ತಾರೆ ಕಣೋ. ಒಳಗೋದ್ಮೇಲೆ ಟೈಮು ಅವರ್ದೇ. ಊಟದ್ ಬೆಲ್ಲು ಎರಡು ನಿಮಿಷ ತಡವಾಗಿ ಹೊಡೀತದೆ, ವಾಪಸ್ ಕರೆಯೋ ಬೆಲ್ಲು ಎರಡು ನಿಮಿಷ ಮೊದ್ಲೇ ಹೊಡೀತದೆ. ಕೇಳಾನ ಅಂದ್ರೆ ನಮ್ಮ ಕೈಲಿ ಏನೈತೆ?"

ಒಳಗೆ ಹೋದ ಮೇಲೆ ಟೈಮು ಅವರದೇ ಅನ್ನುವ ಮಾತು ನಮ್ಮ ಮನೆಗೆ ಹೊಸದಲ್ಲ. ನನ್ನ ತಾತ ಜೀತಕ್ಕಿದ್ದವನು. ಹೊತ್ತು ಹುಟ್ಟುವ ಮುಂಚೆ ಒಡೆಯನ ಕೊಟ್ಟಿಗೆಯಲ್ಲಿರಬೇಕು. ಸಂಜೆ ದನ ಕಟ್ಟಿ, ಹುಲ್ಲು ಹಾಕಿ, ಕೈಕಟ್ಟಿ ನಿಂತು, ಒಳಗಿನಿಂದ 'ಹೋಗೋ' ಅಂದ ಮೇಲೆ ಬರಬೇಕು. ಆ 'ಹೋಗೋ' ಅನ್ನುವುದೇ ಅವನ ಗಡಿಯಾರ. ಜೀತ ರದ್ದು ಮಾಡುವ ಕಾಯ್ದೆ 1976ರಲ್ಲಿ ಬಂತು. ಕಾರ್ಖಾನೆಯ ಕೂಲಿಗಾರರಿಗೆ ವಾರಕ್ಕೆ 54 ಗಂಟೆ ಇದ್ದದ್ದು 48ಕ್ಕೆ ಇಳಿದದ್ದು 1946ರಲ್ಲಿ. ಆ ಮಸೂದೆ ತಂದವರು ಆಗ ವೈಸರಾಯ್ ಕೌನ್ಸಿಲಿನಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬರು. ಇದೆಲ್ಲ ಪುಸ್ತಕದಲ್ಲಿದೆ. ಆದರೆ ಎಂಟು ಗಂಟೆ ಆಯಿತೋ ಇಲ್ಲವೋ ಅಂತ ಹೇಳುವ ಗಡಿಯಾರ ಮಾಲೀಕನ ಗೋಡೆಯ ಮೇಲೆ ಮಾತ್ರ ಇದ್ದರೆ, ಎಂಟು ಗಂಟೆಯ ಹಕ್ಕೂ ಅವನ ಗೋಡೆಯ ಮೇಲೇ ನೇತಾಡುತ್ತಿರುತ್ತದೆ. ಕಾಲೇಜು ಮೆಟ್ಟಿಲು ಹತ್ತದ ಅಕ್ಕನಿಗೆ ಇದು ಗೊತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಒಂದು ಸಾಕ್ಷಿ.

ಕೇರಿಯಲ್ಲಿ ಗಡಿಯಾರಕ್ಕೆ ಬೇರೆಯದೇ ಒಂದು ಕತೆಯಿದೆ. ನಮ್ಮಪ್ಪನ ಪ್ರಾಯದ ಫೋಟೋದಲ್ಲಿ ಎಡಗೈ ಮೇಲೆ ವಾಚಿದೆ. ಅದು ಸ್ಟುಡಿಯೋದವರ ವಾಚು. ಫೋಟೋ ಹೊಡೆಯುವಷ್ಟು ಹೊತ್ತು ಕಟ್ಟಿಕೊಂಡು, ಬಿಚ್ಚಿಕೊಟ್ಟು ಬಂದದ್ದು. ನಮ್ಮ ಜಿಲ್ಲೆಯಲ್ಲೇ ವಾಚು ತಯಾರಾಗುತ್ತಿತ್ತು ಅನ್ನುವುದನ್ನು ನೆನೆದರೆ ನಗು ಬರುತ್ತದೆ. ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ತೆರೆಯಿತು, 1978ರಲ್ಲಿ ತುಮಕೂರಿನಲ್ಲೂ ತೆರೆಯಿತು. ದಿನಾ ಬೆಳಿಗ್ಗೆ ಕೀ ಕೊಡಬೇಕಾದ ಆ ವಾಚುಗಳಲ್ಲಿ ಒಂದಕ್ಕೆ 'ಜನತಾ' ಅಂತಲೇ ಹೆಸರು. 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಜನತಾ ವಾಚು ನಮ್ಮಪ್ಪನ ಕೈಗೆ ಬರುವ ಮೊದಲೇ ಕಾರ್ಖಾನೆಗೆ ಬೀಗ ಬಿತ್ತು.

ನಮ್ಮವರ ಮೈಮೇಲೆ ಯಾವ ವಸ್ತು ಇರಬೇಕು, ಯಾವುದು ಇರಕೂಡದು ಅನ್ನುವ ಲೆಕ್ಕ ಹಿಂದಿನಿಂದಲೂ ಊರಿನವರ ಕೈಯಲ್ಲೇ ಇತ್ತು. ಬಾಬಾಸಾಹೇಬರು 1936ರಲ್ಲಿ ಅಚ್ಚು ಹಾಕಿಸಿದ 'ಜಾತಿ ವಿನಾಶ'ದ ಮೊದಲ ಪುಟಗಳನ್ನು ಓದಿದವರಿಗೆ ನೆನಪಿರುತ್ತದೆ. 1928ರಲ್ಲಿ ಇಂದೋರ್ ಕಡೆಯ ಬಲಾಯಿಗಳಿಗೆ ಮೇಲುಜಾತಿಯವರು ಕಟ್ಟಳೆ ಹಾಕಿದರು: ಜರಿ ಅಂಚಿನ ರುಮಾಲು ಸುತ್ತಬಾರದು, ಬಣ್ಣದ ಅಂಚಿನ ಧೋತರ ಉಡಬಾರದು, ಹೆಂಗಸರು ಬೆಳ್ಳಿ ಬಂಗಾರ ತೊಡಬಾರದು. 1935ರಲ್ಲಿ ಅಹಮದಾಬಾದ್ ಜಿಲ್ಲೆಯ ಝನು ಎಂಬ ಹಳ್ಳಿಯಲ್ಲಿ ಅಸ್ಪೃಶ್ಯ ಹೆಂಗಸರು ಲೋಹದ ಬಿಂದಿಗೆಯಲ್ಲಿ ನೀರು ತಂದರು ಅಂತ ಅವರ ಮೇಲೆ ಬಿದ್ದರು. ಬಿಂದಿಗೆ ಮಣ್ಣಿನದಾಗಿದ್ದರೆ ಯಾರಿಗೂ ನೋವಾಗುತ್ತಿರಲಿಲ್ಲ. ಹೀಗಿರುವಾಗ ನಾವು ದುಡ್ಡು ಕೊಟ್ಟು ತಂದ ವಸ್ತು ನೆಟ್ಟಗಿಲ್ಲ ಅಂದರೆ, ನಷ್ಟ ಆಗುವುದು ದುಡ್ಡು ಒಂದೇ ಅಲ್ಲ.

ವಾಚು ಭಾನುವಾರ ತಂದೆ. ಅಂಗಡಿಯವರು ಕೂರಿಸಿ, ನೀರು ಕೊಟ್ಟು, ನಾಲ್ಕು ಟ್ರೇ ತೆಗೆದು ತೋರಿಸಿದರು. ಸಂಜೆ ಮೊಬೈಲು ನೋಡಿ ಟೈಮು ಕೂರಿಸಿ ಅಕ್ಕನ ಕೈಗೆ ಕಟ್ಟಿದೆ. ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಕರೆಯುವ ಬೆಲ್ಲು ಹೊಡೆದಾಗ ಅವಳ ವಾಚಿನಲ್ಲಿ ಇನ್ನೂ ಒಂಬತ್ತು ನಿಮಿಷ ಬಾಕಿ ಇತ್ತು. ಇಷ್ಟು ವರ್ಷ ಬಾಯಿ ಬಿಡದಿದ್ದವಳು ಎದ್ದು ನಿಂತು ಕೇಳಿದ್ದಾಳೆ: "ಇನ್ನೂ ಒಂಬತ್ತು ನಿಮಿಷ ಐತಲ್ಲ ಸಾ, ಯಾಕೆ ಬೆಲ್ಲು ಹೊಡುದ್ರಿ?" ಸೂಪರ್‌ವೈಸರ್ ತನ್ನ ಮೊಬೈಲನ್ನು ಇಡೀ ಲೈನಿಗೆ ಕಾಣುವ ಹಾಗೆ ಎತ್ತಿ ಹಿಡಿದಿದ್ದಾನೆ. ಬೆಲ್ಲು ಅವತ್ತು ಸರಿಯಾಗೇ ಹೊಡೆದಿತ್ತು. "ಏನಮ್ಮ, ಇನ್ಮೇಲೆ ನಿನ್ನ ವಾಚು ನೋಡ್ಕೊಂಡು ಫ್ಯಾಕ್ಟರಿ ನಡೆಸ್ಬೇಕಾ?" ಲೈನಿನ ಹೆಣ್ಣುಮಕ್ಕಳು ನಕ್ಕರಂತೆ. ಅವಳ ಪರವಾಗಿ ಹೇಳಲಿ ಅಂತ ತಂದ ಸಾಕ್ಷಿ ಮೊದಲ ದಿನವೇ ಅವಳ ವಿರುದ್ಧ ಹೇಳಿತ್ತು.

ಅವತ್ತಿನಿಂದ ಶನಿವಾರದವರೆಗೆ ನಾನು ಒಂದು ಹಾಳೆಯಲ್ಲಿ ಬರೆದಿಟ್ಟೆ. ದಿನಾ ರಾತ್ರಿ ಎಂಟಕ್ಕೆ ಮೊಬೈಲಿಗೆ ಸರಿ ಮಾಡುವುದು, ಮಾರನೆ ರಾತ್ರಿ ಎಂಟಕ್ಕೆ ನೋಡುವುದು. ಹನ್ನೆರಡು ನಿಮಿಷ ಹಿಂದೆ. ಹನ್ನೊಂದು. ಮತ್ತೆ ಹನ್ನೆರಡು. ಹದಿಮೂರು. ಸೆಲ್ಲಿನಿಂದ ಓಡುವ ಕ್ವಾರ್ಟ್ಜ್ ವಾಚಿನೊಳಗೆ ಒಂದು ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ, ಆ ಕಂಪನವನ್ನು ಎಣಿಸಿ ಮುಳ್ಳು ಮುಂದಕ್ಕೆ ಹೋಗುತ್ತದೆ. ಸಾಮಾನ್ಯದ ಒಂದು ಕ್ವಾರ್ಟ್ಜ್ ವಾಚು ತಿಂಗಳಿಗೆ ಹದಿನೈದು ಇಪ್ಪತ್ತು ಸೆಕೆಂಡು ಆಚೆ ಈಚೆ ಆಗಬಹುದು. ದಿನಕ್ಕೆ ಹನ್ನೆರಡು ನಿಮಿಷ ಅಂದರೆ ತಿಂಗಳಿಗೆ ಆರು ಗಂಟೆ. ಸೆಲ್ಲು ಸತ್ತಿರಬೇಕು, ಇಲ್ಲ ಒಳಗೆ ಚಕ್ರ ಎಲ್ಲೋ ಹಿಡಿದುಕೊಳ್ಳುತ್ತಿರಬೇಕು. ಏನೇ ಆದರೂ ಅದು ವಾಚಿನ ದೋಷ, ಕಟ್ಟಿಕೊಂಡವಳ ದೋಷ ಆಗಲಾರದು.

ಮುಂದಿನ ಭಾನುವಾರ ಬಿಲ್ಲು, ವಾರಂಟಿ ಕಾರ್ಡು, ಹಾಳೆ, ವಾಚು ಹಿಡಿದುಕೊಂಡು ಅದೇ ಅಂಗಡಿಗೆ ಹೋದೆ. ಈ ಸಲ ಕೂರಿ ಅನ್ನಲಿಲ್ಲ. ವಾಚನ್ನು ಗಾಜಿನ ಮೇಲೆ ಇಡಿ ಅಂದರು. ಇಟ್ಟೆ. ಮಾಲೀಕ ಪೆನ್ನಿನ ತುದಿಯಿಂದ ಅದನ್ನು ಆಚೆಗೊಮ್ಮೆ ಈಚೆಗೊಮ್ಮೆ ಹೊರಳಿಸಿದ.

"ಯಾರು ಹಾಕ್ಕೊಳ್ತಾರೆ ಇದನ್ನ?"

"ನಮ್ಮಕ್ಕ."

"ಏನ್ ಕೆಲಸ?"

"ಗಾರ್ಮೆಂಟ್ಸು."

"ಹಂಗನ್ನಿ. ಕೈ ಬೆವರು ಸಾರ್. ನೀರೋಗಿರುತ್ತೆ ಒಳಗೆ. ನೀರಿಗೆ ವಾರಂಟಿ ಇಲ್ಲ."

ವಾಚಿನ ಬೆನ್ನ ಮೇಲೆ ವಾಟರ್ ರೆಸಿಸ್ಟೆಂಟ್, 30 ಮೀಟರ್ ಅಂತ ಕೆತ್ತಿದೆ. ಹಾಗಂದರೆ ಕಟ್ಟಿಕೊಂಡು ಬಾವಿಗೆ ಹಾರಬಹುದು ಅಂತಲ್ಲ. ಮಳೆಹನಿ, ಕೈತೊಳೆಯುವಾಗ ಸಿಡಿಯುವ ನೀರು, ಇಷ್ಟನ್ನು ತಡೀಬೇಕು ಅಂತ. ಹೊಲಿಗೆ ಮಿಷಿನ್ ಮುಂದೆ ಕೂತವಳ ಬೆವರನ್ನು ತಡೆಯದ ವಾಚಿಗೆ ಆ ಅಕ್ಷರ ಯಾಕೆ? ಹಿಂದಿನ ಮುಚ್ಚಳ ತೆಗೆದು ನೋಡಿ, ನೀರಿದ್ದರೆ ಕಾಣುತ್ತಲ್ಲ ಅಂದೆ. "ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತೆ" ಅಂದ. ತೆಗೆಯದಿದ್ದರೆ ನೀರು ಹೋಗಿದೆ, ತೆಗೆದರೆ ವಾರಂಟಿ ಹೋಗುತ್ತದೆ. ಈ ತರ್ಕ ಕಟ್ಟಿದವನಿಗೆ ಕೈ ಮುಗಿಯಬೇಕು. ಬೇಕಾದರೆ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ನೀವೇ ಕಳಿಸಿಕೊಳ್ಳಿ, ಒಂದೂವರೆ ತಿಂಗಳು ಆಗಬಹುದು ಅಂತ ಹೇಳಿ, ಪೆನ್ನಿನಿಂದಲೇ ಗೋಡೆಯ ಮೇಲಿನ ಬೋರ್ಡು ತೋರಿಸಿದ. ನಾನು ಹೊರಡಲಿಲ್ಲ. ಆಮೇಲೆ ಬಂತು ಆ ಪ್ರಶ್ನೆ.

"ಯಾವೂರು ನಿಮ್ದು?"

ಹೇಳಿದೆ.

"ಊರೊಳಗೋ?"

ಈ ಪ್ರಶ್ನೆಯ ಅರ್ಥ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವಾಚನ್ನು ಅವನು ಕೈಯಲ್ಲಿ ಎತ್ತಿಕೊಳ್ಳದೆ ಪೆನ್ನಿನಲ್ಲಿ ಹೊರಳಿಸಿದ್ದು ಅಂಗಡಿಯ ಅಭ್ಯಾಸವೋ, ಊರಿನ ಅಭ್ಯಾಸವೋ, ಅದು ಅವನ ಮನಸ್ಸಿಗೆ ಬಿಟ್ಟದ್ದು. ವಾಚಿಗೂ ಊರೊಳಗೆ ಊರಾಚೆಗೂ ಏನು ಸಂಬಂಧ ಅಂತ ಮಾತ್ರ ಕೇಳಿದೆ. "ಸುಮ್ನೆ ಕೇಳ್ದೆ ಸಾರ್" ಅಂದ. ಸುಮ್ಮನೆ ಕೇಳುವವರು ಸಾವಿರಾರು ವರ್ಷದಿಂದ ಸುಮ್ಮನೆ ಕೇಳುತ್ತಲೇ ಇದ್ದಾರೆ.

ಮನೆಗೆ ಬಂದು ಹೇಳಿದರೆ ಅವ್ವ, "ಓಗ್ಲಿ ಬುಡು ಮಗ. ಅಂಗಡಿಯೋರ ತಾವ ಯಾಕ್ ನಿಷ್ಠೂರ? ಕೊಟ್ಟದ್ದು ಕೊಟ್ರು, ನಮ್ಮ ಅಣೇಬರ" ಅಂದಳು. ಅವ್ವನ ಮೇಲೆ ಸಿಟ್ಟು ಬಂತು. ಆದರೆ ಆ ಮಾತು ಅವಳದಲ್ಲ, ಅವಳ ಅವ್ವನದು.

ಅಜ್ಜಿ ಹೇಳುತ್ತಿದ್ದ ಕತೆ ಇದು. ಊರ ಅಂಗಡಿಯ ಜಗಲಿ ಕೆಳಗೆ ನಿಂತು ಕೂಗಬೇಕು. ಕಾಸನ್ನು ಕಲ್ಲಿನ ಮೇಲಿಟ್ಟು ಹಿಂದಕ್ಕೆ ಸರಿಯಬೇಕು. ಅವರು ಚೊಂಬಿನಿಂದ ನೀರು ಚಿಮುಕಿಸಿ ಕಾಸು ತೆಗೆದುಕೊಳ್ಳುತ್ತಾರೆ, ಮೇಲಿನಿಂದ ಸಾಮಾನನ್ನು ಮಡಿಲಿಗೆ ಹಾಕುತ್ತಾರೆ. ಒಂದು ಹಬ್ಬದ ದಿನ ಬೆಲ್ಲ ತಂದು ಬಿಚ್ಚಿದರೆ ಅರ್ಧ ಮಣ್ಣು. ತಿರುಗಿ ಹೋಗಿ ತೋರಿಸಿದಳಂತೆ. ಅಂಗಡಿಯವನು ಹೇಳಿದ್ದು: "ನೀನು ಮುಟ್ಟಿದ್ ಬೆಲ್ಲವ ತಿರುಗಾ ಗೂಡೆಗಾಕ್ಕಂಡ್ರೆ ಊರೋರು ತಿಂತಾರ?" ನಾಣ್ಯಕ್ಕೆ ನೀರು ಹಾಕಿದರೆ ಶುದ್ಧವಾಗುತ್ತದೆ, ಬೆಲ್ಲಕ್ಕೆ ಹಾಕಿದರೆ ಕರಗುತ್ತದೆ. ಹಾಗಾಗಿ ನಮ್ಮ ದುಡ್ಡು ಮಾತ್ರ ಊರೊಳಕ್ಕೆ ಹೋಗುತ್ತಿತ್ತು, ನಮಗೆ ಕೊಟ್ಟ ಸಾಮಾನು ಹೋಗುತ್ತಿರಲಿಲ್ಲ. ತೂಕ ಕಮ್ಮಿಯೋ, ಹುಳ ಬಿದ್ದಿದೆಯೋ, ಮಡಿಲಿಗೆ ಬಿದ್ದ ಮೇಲೆ ಮುಗೀತು. ನಮಗೆ ಮಾರಬಹುದಾದ ಹಾಳು ಸಾಮಾನು ಅಂತಲೇ ಅಂಗಡಿಯಲ್ಲಿ ಒಂದು ಮೂಲೆ ಇತ್ತು ಅಂತ ಅಜ್ಜಿ ಹೇಳುತ್ತಿದ್ದಳು. ಇರದೆ ಏನು? ವಾಪಸ್ ಬರಲಾರದ ಮಾಲಿಗೆ ಒಳ್ಳೆಯದನ್ನು ಯಾಕೆ ಹಾಕಬೇಕು?

ಪೇಟೆಯ ಬೋರ್ಡಿನಲ್ಲಿ 'ಮುಟ್ಟಿದ' ಅನ್ನುವ ಜಾಗದಲ್ಲಿ 'ಮಾರಿದ' ಅಂತಿದೆ. ಇದು ಎಲ್ಲ ಜಾತಿಯವರಿಗೂ ಇರುವ ಬೋರ್ಡು ತಾನೆ ಅಂತ ಕೇಳಬಹುದು. ಹೌದು, ಎಲ್ಲರಿಗೂ ಇದೆ. ಆದರೆ ಬೋರ್ಡನ್ನು ಯಾರಿಗೆ ತೋರಿಸುತ್ತಾರೆ, ಯಾರಿಗೆ 'ಬಿಡಿ ಸಾರ್, ನಿಮಗೆ ಅಂತ ಮಾಡ್ಕೊಡ್ತೀನಿ' ಅನ್ನುತ್ತಾರೆ ಅನ್ನುವುದನ್ನು ಒಂದು ದಿನ ಯಾವುದಾದರೂ ಅಂಗಡಿ ಮುಂದೆ ನಿಂತು ನೋಡಿ. ಮುಖ ಪರಿಚಯ, ಉಡುಪು, ಹುದ್ದೆ, ಮಾತಿನ ಧಾಟಿ, ಕೊನೆಗೆ ಊರೊಳಗೋ ಊರಾಚೆಗೋ ಅನ್ನುವುದು, ಇವುಗಳ ಮೇಲೆ ಬೋರ್ಡು ಏಳುತ್ತದೆ, ಬೀಳುತ್ತದೆ. ನಮ್ಮ ಹುಡುಗರು ಮೊಬೈಲಿನಲ್ಲಿ ಸಾಮಾನು ತರಿಸುವುದನ್ನು ಇಷ್ಟಪಡುವುದಕ್ಕೆ ಅಗ್ಗ ಅನ್ನುವುದೊಂದೇ ಕಾರಣವಲ್ಲ. ವಾಪಸ್ ಕೊಡುವಾಗ ಅದು ಯಾವೂರು ಅಂತ ಕೇಳುವುದಿಲ್ಲ. ವಿಳಾಸದಲ್ಲಿ ಅಂಬೇಡ್ಕರ್ ಕಾಲೋನಿ ಅಂತ ಇರುತ್ತದಾದ್ದರಿಂದ ಕೇಳುವ ಅಗತ್ಯವೂ ಇಲ್ಲ ಅನ್ನಿ.

ಇನ್ನು ಕಾನೂನಿನ ಮಾತು. ಇದನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು.

ಸಂವಿಧಾನದ 15ನೇ ವಿಧಿ ಅಂಗಡಿಯ ಬಾಗಿಲನ್ನು ನಮಗೆ ತೆರೆಯಿತು. 1955ರ ಕಾಯ್ದೆ, ಈಗ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು, ಅಸ್ಪೃಶ್ಯತೆಯ ಕಾರಣಕ್ಕೆ ಸಾಮಾನು ಮಾರಲು ಒಲ್ಲೆ ಅನ್ನುವುದನ್ನು ಅಪರಾಧ ಮಾಡಿತು. ಮಾರಿದ ಮೇಲಿನ ಕತೆಗೆ 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. ಅದರ ಜಾಗದಲ್ಲಿ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಇದರ 2ನೇ ಕಲಮಿನ 47ನೇ ಉಪಕಲಮು ಓದಿ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರ ಪದ್ಧತಿಯೇ. ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಅಂತ ವಾಪಸ್ ಕೊಡುವ ಹಕ್ಕನ್ನು ಇದು ಕೊಡುವುದಿಲ್ಲ. ಅದು ಅಂಗಡಿಯವನ ಇಷ್ಟ. ಸರಕಿನಲ್ಲಿ ದೋಷವಿದ್ದರೆ ಮಾತ್ರ ಅದು ಅವನ ಇಷ್ಟವಲ್ಲ.

ದೂರು ಕೊಡಲು ಅಂಗಡಿ ಇರುವ ಊರಿಗೇ ಹೋಗಬೇಕಾಗಿಲ್ಲ. ನಾವು ವಾಸವಿರುವ, ದುಡಿಯುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಕೊಡಬಹುದು. ಐದು ಲಕ್ಷ ರೂಪಾಯಿಯವರೆಗಿನ ಸರಕಿಗೆ ಶುಲ್ಕವಿಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ, ನಮ್ಮ ಮಾತನ್ನು ನಾವೇ ಹೇಳಬಹುದು. ಎರಡು ವರ್ಷದೊಳಗೆ ಕೊಟ್ಟರಾಯಿತು. ಅದಕ್ಕೂ ಮುಂಚೆ 1915 ಅನ್ನುವ ರಾಷ್ಟ್ರೀಯ ಸಹಾಯವಾಣಿಗೆ ಫೋನು ಮಾಡಿ ದೂರು ದಾಖಲಿಸಬಹುದು.

ನಾನು ಅಂಗಡಿಗೆ ಒಂದು ಪತ್ರ ಬರೆದೆ. ಕೊಂಡ ದಿನ, ಬಿಲ್ಲಿನ ನಂಬರು, ಆರು ದಿನದ ಲೆಕ್ಕ, ಅವರು ಹೇಳಿದ ಉತ್ತರ, ಕಾಯ್ದೆಯ ಕಲಮು, ಹದಿನೈದು ದಿನದ ಗಡುವು. ಬಿಲ್ಲಿನ ಜೆರಾಕ್ಸ್ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಎಂಟನೆಯ ದಿನ ಅಂಗಡಿಯಿಂದ ಫೋನು ಬಂತು. ಹೋದೆ. 1,850 ರೂಪಾಯಿಯನ್ನು ಎಣಿಸಿ ನನ್ನ ಕೈಗೇ ಕೊಟ್ಟ. "ಇಷ್ಟಕ್ಕೆಲ್ಲ ಲೆಟರ್ ಯಾಕೆ ಸಾರ್, ಬಾಯಲ್ಲಿ ಹೇಳಿದ್ರೆ ಸಾಕಿತ್ತು" ಅಂದ. ಬಾಯಲ್ಲಿ ಹೇಳಿದ್ದನ್ನು ಅವನು ಕೇಳಿಸಿಕೊಂಡಿರಲೇ ಇಲ್ಲ.

ಗೆದ್ದೆ ಅಂತ ಎದೆ ತಟ್ಟಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಫ್ಯಾಕ್ಟರಿಯಲ್ಲಿ ಇಡೀ ಲೈನಿನ ಮುಂದೆ ಅಕ್ಕನಿಗೆ ಆದ ಅವಮಾನವನ್ನು ಯಾವ ಅಂಗಡಿಯೂ ವಾಪಸ್ ಪಡೆಯಲಿಲ್ಲ. ಎರಡೆರಡು ನಿಮಿಷ ಕದಿಯುವ ಬೆಲ್ಲಿನ ಮೇಲೆ ಗ್ರಾಹಕರ ಆಯೋಗಕ್ಕೆ ಅಧಿಕಾರವಿಲ್ಲ. ಅದಕ್ಕೆ ಹೆಣ್ಣುಮಕ್ಕಳು ಸಂಘ ಕಟ್ಟಿಯೇ ಉತ್ತರ ಕೇಳಬೇಕು. ಈ ಕಾನೂನು ದುಡ್ಡು ಕೊಟ್ಟು ಕೊಂಡವರನ್ನೂ, ಆಮೇಲೆ ಕೊಡುತ್ತೇನೆ ಅಂತ ಕೊಂಡವರನ್ನೂ ಗ್ರಾಹಕ ಅನ್ನುತ್ತದೆ. ಆದರೂ ಸಾಲಕ್ಕೆ ರಾಗಿ ತರುವವಳು, ಸಂತೆಯಲ್ಲಿ ನೆಲದ ಮೇಲಿನ ಬಟ್ಟೆ ಕೊಳ್ಳುವವಳು, ಬಿಲ್ಲು ಕೇಳಿದರೆ ಮುಂದಿನ ವಾರ ಸಾಲ ಹುಟ್ಟುವುದಿಲ್ಲ ಅಂತ ಹೆದರುವವಳು, ಇವರ ಹತ್ತಿರಕ್ಕೆ ಅದು ಇನ್ನೂ ನಡೆದು ಬಂದಿಲ್ಲ. ನಾವೇ ಕೈಹಿಡಿದು ಕರೆತರಬೇಕು.

ಆ ಪತ್ರದ ಬಗ್ಗೆ ಮೇಷ್ಟ್ರುಗಳಿಗೆ ಒಂದು ಮಾತು. ಬರೆಯಲು ಕೂತಾಗ ಪೆನ್ನಿನಿಂದ ತಾನಾಗಿ ಬಂದ ಮೊದಲ ಸಾಲು "ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ" ಅಂತ. ಬಿ.ಎ. ಮಾಡಿದವನ ಪೆನ್ನು ಇದು. ಯಾಕೆ ಹಾಗೆ ಬಂತು ಅಂತ ಯೋಚಿಸಿದೆ. ಒಂದನೆ ಕ್ಲಾಸಿನಿಂದ ಡಿಗ್ರಿವರೆಗೆ ನಾನು ಬರೆದ ಕಾಗದಗಳೆಲ್ಲ ರಜಾ ಅರ್ಜಿ, ಸ್ಕಾಲರ್‌ಶಿಪ್ ಅರ್ಜಿ, ಹಾಸ್ಟೆಲ್ ಅರ್ಜಿ. ಎಲ್ಲದರ ಕೊನೆಗೂ 'ತಮ್ಮ ವಿಧೇಯ'. ಸ್ಕಾಲರ್‌ಶಿಪ್ಪು ನಮ್ಮ ಹಕ್ಕು. ಅದನ್ನೂ ಬೇಡಿಕೊಂಡೇ ಪಡೆದೆವು. ಕೇಳುವ ಕಾಗದ ಹೇಗಿರುತ್ತದೆ ಅಂತ ಯಾವ ಮೇಷ್ಟ್ರೂ ಹಲಗೆಯ ಮೇಲೆ ಬರೆದು ತೋರಿಸಲಿಲ್ಲ. ಆ ಸಾಲನ್ನು ಹೊಡೆದುಹಾಕಿ "ಈ ಮೂಲಕ ತಿಳಿಸುವುದೇನೆಂದರೆ" ಅಂತ ಬರೆದೆ. ಕೊನೆಯಲ್ಲಿ 'ವಿಧೇಯ' ಬಿಟ್ಟು ಹೆಸರು, ವಿಳಾಸ, ತಾರೀಖು ಹಾಕಿದೆ.

ನಮ್ಮ ಶಾಲೆಗಳಲ್ಲಿ ರಜಾ ಅರ್ಜಿ ಕಲಿಸಿದ ಮಾರನೆ ದಿನ ದೂರಿನ ಪತ್ರ ಕಲಿಸಿ. ಏಳನೆ ಕ್ಲಾಸಿನ ಮಕ್ಕಳ ಕೈಗೆ ಒಂದು ಬಿಲ್ಲು ಕೊಟ್ಟು ಓದಿಸಿ. ತೂಕ ಎಲ್ಲಿದೆ, ಬೆಲೆ ಎಲ್ಲಿದೆ, ತಾರೀಖು ಎಲ್ಲಿದೆ, ಕೆಳಗಿನ ಸಣ್ಣ ಅಕ್ಷರ ಏನು ಹೇಳುತ್ತದೆ, ಅದರಲ್ಲಿ ಯಾವುದು ಕಾನೂನು, ಯಾವುದು ಬರೀ ಅಚ್ಚು ಅಂತ ಕೇಳಿ. ಕೇರಿಯ ಸಂಘದ ಮನೆಯಲ್ಲಿ ಬಾಬಾಸಾಹೇಬರ ಪಟದ ಕೆಳಗೆ ಒಂದು ಮೊಳೆ ಹೊಡೆದು, ಯಾರು ಏನು ಕೊಂಡರೂ ಆ ಬಿಲ್ಲನ್ನು ಅಲ್ಲಿಗೆ ಚುಚ್ಚುವ ಅಭ್ಯಾಸ ಮಾಡೋಣ. ಬಿತ್ತನೆ ಬೀಜ ಮೊಳೆಯದಿದ್ದಾಗ, ಪಂಪ್‌ಸೆಟ್ಟು ಸುಟ್ಟಾಗ, ಮಗುವಿನ ಔಷಧಿಯ ತಾರೀಖು ಮೀರಿದ್ದಾಗ, ಮೊದಲು ಬೇಕಾಗುವುದು ಆ ಚೀಟಿ.

ಅಜ್ಜಿಯ ಹತ್ತಿರ ಮಣ್ಣು ಬೆರೆತ ಬೆಲ್ಲವಿತ್ತು, ಚೀಟಿ ಇರಲಿಲ್ಲ. ನಮ್ಮ ಹತ್ತಿರ ಚೀಟಿಯಿದೆ. ಅದನ್ನು ಕೇಳಿ ಇಸಿದುಕೊಳ್ಳಬೇಕು, ಇಟ್ಟುಕೊಳ್ಳಬೇಕು, ಬೇಕಾದಾಗ ತೆಗೆದು ಗಾಜಿನ ಮೇಲೆ ಇಡಬೇಕು.